ಬಾಯಿಗೆ ನೀರು ಬಿಟ್ಟವಳು

ಮಾವ ಗುತ್ಯಪ್ಪ ಸಾಯುತ್ತಾನೆಂದು ಬಂದು ಕೂತ ನೆಂಟರನ್ನು ಕಂಡರೆ ವಿಶಾಲಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಸಾಯುವವನು ಸಾಯಲಿ, ಬೇಡ ಅಂದವರು ಯಾರು? ಆದರೆ ಅವನು ಸಾಯುವುದನ್ನು ನೋಡಲು ಬಂದವರು ಹೊತ್ತುಹೊತ್ತಿಗೆ ಉಣ್ಣುತ್ತಿದ್ದರು, ನಡುನಡುವೆ ಕಾಫಿ ಕುಡಿಯುತ್ತಿದ್ದರು, ಎಲೆಅಡಿಕೆ ಹಾಕಿ ಅಂಗಳದ ಮೂಲೆಯನ್ನೆಲ್ಲ ಕೆಂಪು ಮಾಡುತ್ತಿದ್ದರು. ಇಷ್ಟೆಲ್ಲ ಮಾಡಿ, ಜಗಲಿಯ ಮೇಲೆ ಕಾಲು ಚಾಚಿ ಕೂತು, "ಹೊತ್ತೇ ಹೋಗದಿಲ್ಲ ಮಾರಾಯ್ತಿ" ಅಂತ ಇವಳ ಮುಂದೆಯೇ ಗೊಣಗುತ್ತಿದ್ದರು.

ಇದಕ್ಕೆಲ್ಲ ಮೂಲ ನಾಡಿ ನೋಡುವ ಚಂದ್ರಯ್ಯ. ಶಿವರಾತ್ರಿಗೆ ಇನ್ನೂ ಕೆಲವು ದಿನ ಇರುವಾಗ ಅವನು ಬಂದು ಮುದುಕನ ಮಣಿಕಟ್ಟು ಹಿಡಿದು, ಕಣ್ಣು ಮುಚ್ಚಿ, ತಲೆ ಅಲ್ಲಾಡಿಸಿ, "ಅಮಾಸೆ ದಾಟೋದು ಕಷ್ಟ, ಹೇಳೋರಿಗೆ ಹೇಳಿ ಕಳ್ಸಿ" ಅಂದುಬಿಟ್ಟ. ಹೇಳಿ ಕಳಿಸಿದ್ದೇ ತಡ. ಸಾಗರದಿಂದ ಹೊಳೆಬಾಗಿಲಿಗೆ ಹೋಗುವ ದಾರಿಯಲ್ಲಿದ್ದ ಆ ಮನೆಗೆ ಬಂಧುಗಳು ಒಬ್ಬೊಬ್ಬರಾಗಿ ಇಳಿದರು. ಗದ್ದೆ ಕೊಯ್ಲಾಗಿತ್ತು, ಒಕ್ಕಲು ಮುಗಿದಿತ್ತು, ಯಾರಿಗೂ ಮನೆಯಲ್ಲಿ ಕೆಲಸವಿರಲಿಲ್ಲ. ನಾಟಿಯ ಕಾಲದಲ್ಲಿ ಗುತ್ಯಪ್ಪ ಸಾಯಹೊರಟಿದ್ದರೆ ಒಂದು ನರಪಿಳ್ಳೆಯೂ ಬರುತ್ತಿರಲಿಲ್ಲ ಎಂಬುದು ವಿಶಾಲಮ್ಮನಿಗೆ ಗೊತ್ತಿತ್ತು.

ತೀರ್ಥಹಳ್ಳಿ ಕಡೆಗೆ ಕೊಟ್ಟಿದ್ದ ನಾದಿನಿ ಹೂವಮ್ಮ ಊರ ಬಾಯಿಯ ಬಿದಿರಿನ ಉಣುಗೋಲು ದಾಟುವಾಗಲೇ ಅಳು ಶುರು ಮಾಡಿಕೊಂಡು ಬಂದವಳು. ಅಪ್ಪನ ಕಾಲ ಬಳಿ ಬಿದ್ದು ಹೊರಳಾಡಿದಳು. ಮೊದಲ ದಿನ ಕಳೆಯುವಷ್ಟರಲ್ಲಿ ಕಣ್ಣೀರಿನ ಸರಕು ಖಾಲಿಯಾಯಿತು. ಮರುದಿನದಿಂದ ಅಟ್ಟದ ಮೇಲಿದ್ದ ಚನ್ನೆಮಣೆ ಇಳಿಸಿಕೊಂಡು, ಸಿಕ್ಕವರನ್ನೆಲ್ಲ ಎಳೆದು ಕೂರಿಸಿಕೊಂಡು ಆಡತೊಡಗಿದಳು. ಒಳಗಿಂದ ಮುದುಕ ನರಳಿದರೆ ಕೈಯಲ್ಲಿದ್ದ ಕಾಯಿ ಹಾಗೇ ಹಿಡಿದುಕೊಂಡು ಒಂದು ಸಲ "ಅಯ್ಯೋ ಅಪ್ಪಯ್ಯಾ" ಅನ್ನುವಳು, ಮತ್ತೆ ಕಾಯಿ ಬಿಡುವಳು.

ಮೈದುನ ಮಂಜುನಾಥಪ್ಪನದು ಇನ್ನೊಂದು ಕಥೆ. ಹೊಸನಗರದ ಯಾವುದೋ ಕಚೇರಿಯಲ್ಲಿ ಜವಾನನಾಗಿದ್ದ ಅವನಿಗೆ ಕೈಗಡಿಯಾರವಿತ್ತು. ಆ ಗಡಿಯಾರಕ್ಕೆ ಅವನಿದ್ದ ಅನ್ನುವುದೇ ಸರಿ. ಬೆಳಿಗ್ಗೆ ಹಲ್ಲುಜ್ಜುವ ಮೊದಲು ಅದಕ್ಕೆ ಕೀ ಕೊಡುತ್ತಿದ್ದ, ಕಿವಿಗೆ ಹಿಡಿದು ಕೇಳುತ್ತಿದ್ದ. ಆಮೇಲೆ ಆಗಾಗ ಒಳಗೆ ಹೋಗಿ ಅಪ್ಪನ ಮೂಗಿನ ಹತ್ತಿರ ಬೆರಳಿಟ್ಟು, ಹೊರಗೆ ಬಂದು, "ಹತ್ತೂಕಾಲು. ಅಪ್ಪಯ್ಯ ಇನ್ನೂ ಇದಾರೆ" ಎಂದು ಸಭೆಗೆ ತಿಳಿಸುತ್ತಿದ್ದ. ಬಸ್ಸು ಇನ್ನೂ ಬಂದಿಲ್ಲ ಎಂದು ಹೇಳುವವರ ದನಿಯಲ್ಲಿ ಎಷ್ಟು ಬೇಸರವಿರುತ್ತದೋ ಅಷ್ಟೇ ಬೇಸರ ಅವನ ದನಿಯಲ್ಲೂ ಇರುತ್ತಿತ್ತು.

ಇವರ ನಡುವೆ ವಿಶಾಲಮ್ಮ ಹಿರಿಸೊಸೆ. ಒಲೆ ಆರಿಸಲು ಬಿಡುವಿಲ್ಲ. ರೊಟ್ಟಿ ಮುಗಿಯಿತು ಅನ್ನುವಷ್ಟರಲ್ಲಿ ಅನ್ನ, ಅನ್ನ ಬಸಿದಳು ಅನ್ನುವಷ್ಟರಲ್ಲಿ ಕಾಫಿ. ಬೆಳಗಾದದ್ದೂ ತಿಳಿಯದು, ಬೈಗಾದದ್ದೂ ತಿಳಿಯದು. ಹೊತ್ತು ಹೋಗದಿರುವುದು ಸೋಮಾರಿಗಳ ಕಾಯಿಲೆ, ದುಡಿಯುವವರನ್ನು ಅದು ಮುಟ್ಟುವುದಿಲ್ಲ ಎಂದು ಅವಳು ತೀರ್ಮಾನ ಮಾಡಿಬಿಟ್ಟಿದ್ದಳು. ಹೂವಮ್ಮ ಆಕಳಿಸಿದಾಗೆಲ್ಲ ಅವಳಿಗೆ ಒಳಗೊಳಗೇ ಖುಷಿ. ಆಕಳಿಸು, ಇನ್ನೂ ಆಕಳಿಸು, ಕೂತು ತಿಂದವರಿಗೆ ದೇವರು ಕೊಡುವ ಶಿಕ್ಷೆಯೇ ಅದು ಅಂದುಕೊಳ್ಳುವಳು.

ಹೀಗಿರುವಾಗ ಒಂದು ಬೆಳಿಗ್ಗೆ ತವರಿನಿಂದ ತಮ್ಮ ಜಟ್ಟಪ್ಪ ಬಂದ. ತವರು ತುಮರಿಯ ಕಡೆ. ಕಟ್ಟೆ ಕಟ್ಟಿ ಶರಾವತಿಯ ನೀರು ನಿಲ್ಲಿಸಿದ ಮೇಲೆ ಅದು ನೀರಿನಾಚೆಯ ಸೀಮೆಯಾಗಿತ್ತು. ಜಟ್ಟಪ್ಪ ಒಳಗೆ ಬಂದವನು ಅಡುಗೆಮನೆಯ ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತ.

"ಅಕ್ಕ, ಅವ್ವ ಬಚ್ಚಲಲ್ಲಿ ಜಾರಿ ಬಿದ್ದಾಳೆ. ಸೊಂಟ ಎದ್ದಿಲ್ಲ. ಮೇಲೆ ಜ್ವರ ಬೇರೆ. ನಿನ್ನೇ ಕೇಳ್ತಾಳೆ. ಒಂದ್ಸಲ ಬಂದು ಮುಖ ತೋರಿಸಿ ಹೋಗು."

ವಿಶಾಲಮ್ಮನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. "ಉಣ್ತಾಳಾ?"

"ಗಂಜಿ ಕುಡೀತಾಳೆ. ಮಾತಾಡ್ತಾಳೆ. ಆದ್ರೂ ಬಾರೇ. ನೀನು ಬಂದು ನಾಕು ವರ್ಷ ಆತು."

"ನಾಕು ವರ್ಷ! ಮೊನ್ನೆ ಮೊನ್ನೆ ದೀಪಾವಳಿಗೆ ಬಂದಿದ್ನಲ್ಲೋ."

"ಆ ದೀಪಾವಳಿಗೆ ನೀನು ಗದ್ದೆ ಅಂಚಿನ ಮೇಲೆ ನಡ್ಕಂಡು ಬಂದಿದ್ದೆ ಅಕ್ಕ. ಈಗ ಆ ಗದ್ದೆ ಮೇಲೆ ದೋಣಿ ಹೋಗ್ತದೆ."

ಮಂಕು ಮುಂಡೇದು, ಲೆಕ್ಕ ಬರುವುದಿಲ್ಲ ಇವನಿಗೆ ಅಂದುಕೊಂಡಳು. ಆದರೆ ಕೊಟ್ಟಿಗೆಯಲ್ಲಿ ಕಟ್ಟಿದ್ದ ಹಸು ಕಣ್ಣಿಗೆ ಬಿತ್ತು. ಆ ದೀಪಾವಳಿಗೆ ಹೊರಡುವಾಗ ಅದು ಹುಟ್ಟಿ ಇನ್ನೂ ಮೈ ಒದ್ದೆಯಾಗಿದ್ದ ಕರು. ಈಗ ಅದೇ ಎರಡು ಕರು ಹಾಕಿದೆ. ಈ ನಾಕು ವರ್ಷ ಎಲ್ಲಿ ಹೋಯಿತು? ನೆನೆಸಿಕೊಂಡರೆ ಒಂದೇ ಒಂದು ದಿನದ ಹಾಗೆ ಕಂಡಿತು. ಒಂದು ಒಲೆ, ಒಂದು ನಾಟಿ, ಒಂದು ಕೊಯ್ಲು, ಒಂದು ಒಕ್ಕಲು. ನೀರು ದಾಟಿ ಹೋಗಬೇಕೆಂದರೆ ಇಡೀ ದಿನದ ದಾರಿ ಎಂದು ಎಲ್ಲರೂ ಹೇಳುತ್ತಿದ್ದರು, ಇವಳೂ ನಂಬಿದ್ದಳು, ಮುಂದಿನ ಹಬ್ಬಕ್ಕೆ ನೋಡೋಣ ಅನ್ನುತ್ತ ಬಂದಿದ್ದಳು. ತನ್ನ ಮೇಲೇ ಅವಳಿಗೆ ಅಸಹ್ಯವಾಯಿತು, ಆದರೆ ಆ ಅಸಹ್ಯವನ್ನು ತಮ್ಮನ ಮೇಲೆ ತೀರಿಸಿಕೊಂಡಳು. "ಬಿದ್ದ ದಿನವೇ ಬಂದು ಹೇಳೋಕೆ ನಿಂಗೆ ಎಂತ ಆಗಿತ್ತು?" ಎಂದು ಬೈದು ರೊಟ್ಟಿ ಹಾಕಿ ಕಳಿಸಿದಳು.

ಗಂಡ ಕೆರಿಯಪ್ಪನನ್ನು ಕೇಳಿದಳು. ಕೆರಿಯಪ್ಪ ಹುಟ್ಟುವಾಗಲೇ "ನೋಡಾಣ" ಅಂದುಕೊಂಡು ಹುಟ್ಟಿದವನು. ಮನೆಗೆ ಬೆಂಕಿ ಬಿದ್ದರೂ ಮೊದಲು ನೋಡಾಣ ಅನ್ನುವ ಜಾತಿ.

"ಅಪ್ಪಯ್ಯಂದು ಇನ್ನೇನು ಇವತ್ತೋ ನಾಳೆಯೋ. ಹಿರಿಸೊಸೆ ಇಲ್ದೆ ಹೆಂಗೆ? ಮುಗಿಸ್ಕಂಡೇ ಹೋಗು. ನಿನ್ನ ಅವ್ವ ಗಂಜಿ ಕುಡೀತಾಳಂತಲ್ಲ. ನೋಡಾಣ."

ಹಿರಿಸೊಸೆ ಇಲ್ಲದೆ ಹೇಗೆ ಅನ್ನುವುದಕ್ಕೂ ಕಾರಣವಿತ್ತು. ಆ ಮನೆತನದಲ್ಲಿ ಹೋಗುವ ಜೀವಕ್ಕೆ ಕೊನೆಯ ನೀರು ಬಿಡಬೇಕಾದವಳು ಹಿರಿಸೊಸೆ. ಮಕ್ಕಳಿಗೆ ಹಾಲು ಕುಡಿಸುವ ಬೆಳ್ಳಿಯ ಒಳಲೆಯಲ್ಲಿ ತುಳಸಿ ಹಾಕಿದ ನೀರು ತಂದು ಬಾಯಿಗೆ ಬಿಟ್ಟರೆ ಜೀವಕ್ಕೆ ಅಪ್ಪಣೆ ಕೊಟ್ಟ ಹಾಗೆ. ಬಿಟ್ಟ ನಂತರ ಹೊತ್ತು ಮುಳುಗುವುದರೊಳಗೆ ಎಲ್ಲ ಮುಗಿಯುತ್ತದೆ ಎಂದು ನಂಬಿಕೆ. ನೀರು ಬಿಟ್ಟವಳು ಮಾತ್ರ ಜೀವ ಹೋಗುವ ತನಕ ಊರಿನ ಉಣುಗೋಲು ದಾಟಬಾರದು. ದಾಟಿದರೆ ಆ ಜೀವ ಹೋಗಲೂ ಆಗದೆ ಇರಲೂ ಆಗದೆ ನಡುವೆ ನರಳುತ್ತದಂತೆ. ಅದಕ್ಕೇ ಹಿಂದಿನವರು ನೀರು ಬಿಡಲು ಎಂದೂ ಅವಸರ ಮಾಡುತ್ತಿರಲಿಲ್ಲ.

ವಿಶಾಲಮ್ಮ ಅವಸರ ಮಾಡಿದಳು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಮಂದಿಗೆ ಹೇಳುತ್ತಿದ್ದವಳೇ ಅವಳು. ಆದರೆ ಅಂದು ಅವಳ ತಲೆಯಲ್ಲಿ ಓಡಿದ ಲೆಕ್ಕವೇ ಬೇರೆ. ಈಗ ನೀರು ಬಿಟ್ಟರೆ ಸಂಜೆಗೆ ಮುಗಿಯುತ್ತದೆ, ನಾಳೆ ಬೆಳಿಗ್ಗೆ ಸುಡುತ್ತಾರೆ, ಮೂರನೆಯ ದಿನದ ಬೂದಿ ಮುಚ್ಚಿದ ಕೂಡಲೇ ಹೊರಟರೆ ಅವ್ವನ ಮುಖ ನೋಡಬಹುದು. ಮಧ್ಯಾಹ್ನ ಉಂಡವರೆಲ್ಲ ಜಗಲಿಯಲ್ಲಿ ಉರುಳಿಕೊಂಡಿದ್ದಾಗ ಒಳಗೆ ಹೋಗಿ ನಿಂತು ಕೂಗಿದಳು. "ಹೋಯ್, ಬನ್ನಿ ಎಲ್ಲಾರೂ! ಮಾವಯ್ಯನ ಉಸಿರು ತಪ್ತಾ ಇದೆ."

ಸುಳ್ಳೆಂದು ಪೂರ್ತಿ ಹೇಳಲಾಗದು. ಮುದುಕನ ಗಂಟಲು ಗೊರಗೊರ ಅನ್ನುತ್ತಿತ್ತು. ಆದರೆ ಆ ಗೊರಗೊರ ಹಲವು ದಿನಗಳಿಂದ ಇತ್ತು.

ಎಲ್ಲರೂ ಎದ್ದುಬಿದ್ದು ಬಂದರು. ಹೂವಮ್ಮನಿಗೆ ಹೊಸ ಕಣ್ಣೀರು ಬಂತು. ಮಂಜುನಾಥಪ್ಪ ಗಂಭೀರನಾಗಿ ಗಡಿಯಾರ ನೋಡಿ ಹೊತ್ತನ್ನು ಬಾಯಿಪಾಠ ಮಾಡಿಕೊಂಡ. ವಿಶಾಲಮ್ಮ ಒಳಲೆ ಹಿಡಿದು ತುಳಸಿ ನೀರನ್ನು ಮಾವನ ಬಾಯಿಗೆ ಬಿಟ್ಟಳು. ಮುದುಕ ಗುಟುಕರಿಸಿದ. ಒಂದು ಕ್ಷಣ ಗೊರಗೊರ ನಿಂತೇಬಿಟ್ಟಿತು. ಕೆರಿಯಪ್ಪ ತಲೆಯ ಮೇಲಿನ ಟವೆಲ್ ತೆಗೆದ. ಅಷ್ಟರಲ್ಲಿ ಗುತ್ಯಪ್ಪ ಮೈಯೆಲ್ಲ ಕುಲುಕಿ ಒಂದು ಕೆಮ್ಮು ಕೆಮ್ಮಿದ. ಎಷ್ಟು ದಿನದ ಕಫವೋ ಏನೋ, ಬಾಯಿಗೆ ಬಂತು. ಅದನ್ನು ಉಗುಳಿ, ಮಗನ ತೋಳು ಹಿಡಿದು ಎದ್ದು ಕೂತು, ಸ್ಪಷ್ಟವಾದ ದನಿಯಲ್ಲಿ ಕೇಳಿದ.

"ಎಂತ ಹೆಣ್ಣೇ, ಕೆಮ್ಮು ಇರೋ ಮನುಷ್ಯಂಗೆ ತಣ್ಣೀರು ಕೊಡ್ತಾರಾ? ಬಿಸಿ ಕಾಫಿ ಇಲ್ವಾ?"

ಯಾರೂ ನಗಲಿಲ್ಲ. ನಗಬೇಕಾಗಿತ್ತು.

ಅಂದು ಸಂಜೆ ಮುಗಿಯಲಿಲ್ಲ. ಮರುದಿನವೂ ಮುಗಿಯಲಿಲ್ಲ. ಅಮಾವಾಸ್ಯೆ ಬಂತು, ಹೋಯಿತು. ಚಂದ್ರಯ್ಯನನ್ನು ಕರೆಸಿದರೆ ಅವನು ನಾಚಿಕೆಯಿಲ್ಲದೆ ಮತ್ತೆ ನಾಡಿ ಹಿಡಿದು, "ನೀರು ಬಿಟ್ಟಾಗಿದೆ, ಜೀವ ಹೊರಟಾಗಿದೆ. ಎಲ್ಲೋ ಒಂದು ಆಸೇಲಿ ಸಿಕ್ಕಂಡದೆ. ಕೇಳಿದ್ದು ಕೊಟ್ಬಿಡಿ, ಬಿಡುಗಡೆ ಆಗ್ತದೆ" ಅಂದ. ಈ ಮಾತು ಮುದುಕನ ಕಿವಿಗೂ ಬಿತ್ತು. ಬೀಳುವ ಹಾಗೆಯೇ ಅವನು ಹೇಳಿದ್ದು.

ಅಲ್ಲಿಂದ ಶುರುವಾಯಿತು. ಗುತ್ಯಪ್ಪನಿಗೆ ದಿನಕ್ಕೊಂದು ಕೊನೆಯಾಸೆ. ಕಡುಬು, ಕೋಳಿಸಾರು. ಆಮೇಲೆ ಆಲೆಮನೆಯಿಂದ ಆಗಷ್ಟೇ ತಂದ ಜೋನಿ ಬೆಲ್ಲ. ಆಮೇಲೆ ಹೊಳೆಮೀನು. ಒಮ್ಮೆ ಕಳಲೆ ಪಲ್ಯ ಬೇಕೆಂದ. ಮಳೆಗಾಲದಲ್ಲಿ ಏಳುವ ಬಿದಿರು ಮೊಳಕೆಯನ್ನು ಬೇಸಿಗೆಯಲ್ಲಿ ಎಲ್ಲಿಂದ ತರುವುದು? ಕೆರಿಯಪ್ಪ ಊರೆಲ್ಲ ಸುತ್ತಿ, ಯಾರದೋ ಭರಣಿಯಲ್ಲಿ ಉಪ್ಪಿನಲ್ಲಿಟ್ಟದ್ದನ್ನು ಬೇಡಿ ತಂದ. ಮುದುಕ ಒಂದೊಂದನ್ನೂ ಚಪ್ಪರಿಸಿ ತಿಂದು, ಗೋಡೆಗೆ ಒರಗಿ, ತಾನು ಹರೆಯದಲ್ಲಿ ಹುಲಿಕಲ್ ಘಟ್ಟ ಇಳಿದು ಗಾಡಿಯಲ್ಲಿ ಉಪ್ಪು ತಂದ ಕಥೆ ಹೇಳುತ್ತಿದ್ದ. ಜಗಲಿಯಲ್ಲಿದ್ದವರೆಲ್ಲ ಒಳಗೆ ಬಂದು ಕೂತರು. ನೀರು ಬಿಟ್ಟ ಮೇಲೆ ಎದ್ದುಹೋದರೆ ಊರವರು ಏನೆಂದಾರು ಎಂದು ಅವರೂ ಹೋಗುವ ಹಾಗಿರಲಿಲ್ಲ, ಹೋಗುವ ಮನಸ್ಸೂ ಇರಲಿಲ್ಲ. ಕೋಳಿಸಾರು ಮುದುಕನಿಗೊಬ್ಬನಿಗೇ ಮಾಡಲಾಗುತ್ತದೆಯೇ? ಚನ್ನೆಮಣೆ ಮತ್ತೆ ಅಟ್ಟ ಸೇರಿತು. ಈಗ ಯಾರೂ ಹೊತ್ತು ಹೋಗುವುದಿಲ್ಲ ಅನ್ನುತ್ತಿರಲಿಲ್ಲ.

ಹೊತ್ತು ಹೋಗದಿದ್ದದ್ದು ವಿಶಾಲಮ್ಮನಿಗೆ. ಅದೇ ಒಲೆ, ಅದೇ ರೊಟ್ಟಿ, ಮೊದಲಿಗಿಂತ ಎರಡು ಪಾಲು ಕೆಲಸ. ಆದರೂ ಬೆಳಗಾದರೆ ಮಧ್ಯಾಹ್ನವಾಗದು, ಮಧ್ಯಾಹ್ನವಾದರೆ ಸಂಜೆಯಾಗದು. ಅನ್ನದ ಎಸರು ಕುದಿಯುವುದನ್ನೇ ನೋಡುತ್ತ ನಿಂತರೆ ಅದು ಕುದಿಯಲೊಲ್ಲದು. ಕೆಲಸ ಮಾಡುವವರನ್ನು ಮುಟ್ಟದ ಕಾಯಿಲೆ ಅಂದಿದ್ದಳಲ್ಲ, ಈಗ ಅದು ಅವಳ ಮೈಗೇ ಹತ್ತಿತ್ತು. ಕಾಯುವವರಿಗೆ ಕೈತುಂಬ ಕೆಲಸವಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಒಂದು ದಿನ ತಡೆಯಲಾರದೆ ಮೈದುನನನ್ನು ಕೇಳಿಯೂಬಿಟ್ಟಳು.

"ಗಂಟೆ ಎಷ್ಟಾತು ಮಂಜಪ್ಪ?"

ಇಷ್ಟು ದಿನದಲ್ಲಿ ಬೇರೆ ಯಾರೂ ಕೇಳದ ಪ್ರಶ್ನೆ. ಮಂಜುನಾಥಪ್ಪ ಹಿಗ್ಗಿ ತೋಳು ಚಾಚಿ ಗಡಿಯಾರ ತೋರಿಸಿದ. "ಆಗಲೇ ಕೇಳಿದ್ರಲ್ಲ ಅತ್ತಿಗೆ. ಆವಾಗಿಂದ ಈ ಮುಳ್ಳು ಇಷ್ಟೇ ಸರಿದಿದ್ದು." ಆಗಲೇ ಒಮ್ಮೆ ಕೇಳಿದ್ದು ಅವಳಿಗೆ ನೆನಪೇ ಇರಲಿಲ್ಲ. ಈ ಮುಠ್ಠಾಳನ ಕೈಯಲ್ಲಿ ಹೀಗೆ ಹೇಳಿಸಿಕೊಳ್ಳುವ ಗತಿ ಬಂತಲ್ಲ ಎಂದು ಹಲ್ಲು ಕಚ್ಚಿದಳು.

ಕೊನೆಗೆ ಒಂದು ಮುಂಜಾನೆ ಸೀರೆಯೊಂದನ್ನು ಚೀಲಕ್ಕೆ ತುರುಕಿ ಮನೆಯಿಂದ ಹೊರಬಿದ್ದಳು. ಯಾರನ್ನೂ ಕೇಳಲಿಲ್ಲ, ಯಾರೂ ತಡೆಯಲಿಲ್ಲ. ಊರ ಬಾಯಿಗೆ ಬಂದು ನಿಂತಳು. ಉಣುಗೋಲೆಂದರೆ ಏನು ಮಹಾ? ಎರಡು ಗೂಟ, ಅಡ್ಡಕ್ಕೆ ಮೂರು ಬಿದಿರು. ದನ ಹೊಲಕ್ಕೆ ನುಗ್ಗದಿರಲಿ ಎಂದು ಹಾಕಿದ್ದು. ಬಿದಿರಿನ ಮೇಲೆ ಕೈಯಿಟ್ಟಳು. ಮುದುಕ ನಡುವೆ ಸಿಕ್ಕಿ ನರಳಿದರೆ? ಆ ಪಾಪ ಅವ್ವನಿಗೆ ತಗಲಿದರೆ? ಮಕ್ಕಳಿಲ್ಲದ ತನಗೆ ನಾಳೆ ನೀರು ಬಿಡುವವರಾದರೂ ಯಾರು? ಕೈ ಬಿದಿರಿನ ಮೇಲೆಯೇ ಇತ್ತು, ಬಿದಿರು ಸರಿಯಲಿಲ್ಲ. ಆ ಬದಿಯಿಂದ ಯಾರದೋ ಎಮ್ಮೆ ಬಂದು ಮೂತಿಯಲ್ಲಿ ಬಿದಿರನ್ನು ತಳ್ಳಿ ನೋಡಿ ಹೋಯಿತು. ಎಮ್ಮೆಗಿರುವ ಧೈರ್ಯ ತನಗಿಲ್ಲ ಎಂದು ತನ್ನನ್ನೇ ಥೂ ಅಂದುಕೊಂಡಳು. ಅಂದುಕೊಂಡರೂ ಚೀಲ ಹಿಡಿದು ಹಿಂದಕ್ಕೇ ಬಂದಳು. ಮನೆ ಮುಟ್ಟಿದಾಗ ಹೂವಮ್ಮ ಇನ್ನೂ ಹಲ್ಲುಜ್ಜುತ್ತಿದ್ದಳು. "ಎಲ್ಲಿಗೆ ಹೋಗಿದ್ರಿ ಅತ್ತಿಗೆ? ಅಪ್ಪಯ್ಯ ಅಪ್ಪೆಮಿಡಿ ಚಟ್ನಿ ಕೇಳ್ತಾ ಇದಾರೆ."

ಹೋಳಿ ಹುಣ್ಣಿಮೆಯ ಹಿಂದಿನ ದಿನ ಬೆಳಿಗ್ಗೆ ಜಟ್ಟಪ್ಪ ಮತ್ತೆ ಬಂದ. ಈ ಸಲ ಒಳಗೆ ಬರಲಿಲ್ಲ. ತಲೆಯ ಮೇಲೆ ಒಂದು ಬಟ್ಟೆ ಹಾಕಿಕೊಂಡು ಅಂಗಳದ ಅಂಚಿನಲ್ಲಿ ನಿಂತುಬಿಟ್ಟ. ಹಾಗೆ ನಿಂತವನನ್ನು ಕಂಡರೆ ಕೇಳುವ ಅಗತ್ಯವೇ ಇರುವುದಿಲ್ಲ. ವಿಶಾಲಮ್ಮ ಕೈಯಲ್ಲಿದ್ದ ಹಿಟ್ಟನ್ನೂ ತೊಳೆಯದೆ ಅವನ ಮುಂದೆ ಹೋಗಿ ನಿಂತಳು.

"ಯಾವಾಗ?"

"ನಿನ್ನೆ ಬೆಳಿಗ್ಗೆ. ಮಧ್ಯಾಹ್ನವೇ ತೆಗೆದ್ವಿ ಅಕ್ಕ. ಬಿಸಿಲು ಕಾಲ."

"ಕೇಳಿದ್ಲಾ?"

ಜಟ್ಟಪ್ಪ ಮುಖ ತಿರುಗಿಸಿದ. "ಬರೀ ಅದೇ. ಅಂಗಳದಲ್ಲಿ ಹೆಜ್ಜೆ ಸಪ್ಪಳ ಆದ್ರೆ ಸಾಕು, ವಿಶಾಲು ಬಂದ್ಲಾ ಅನ್ನೋಳು. ನಾಯಿ ಬಂದ್ರೂ ಅದೇ. ಇವತ್ತು ಬರ್ತಾಳೆ ಅಂತಿದ್ವಿ. ಸ್ವಲ್ಪ ಹೊತ್ತಿಗೇ, ಇವತ್ತು ಮುಗೀತಾ ಅಂತ ಕೇಳೋಳು. ಅವಳಿಗೆ ದಿನ ಮುಗೀತಾನೇ ಇರ್ಲಿಲ್ಲ ಅಕ್ಕ."

ವಿಶಾಲಮ್ಮ ಅಳಲಿಲ್ಲ. ಈ ಮನೆಯಲ್ಲಿ ಅಳುವವರು ಬೇಕಾದಷ್ಟು ಜನರಿದ್ದರು. ಸುದ್ದಿ ಒಳಗೆ ಹೋದದ್ದೇ ಹೂವಮ್ಮ ಗಟ್ಟಿಯಾಗಿ ಶುರು ಮಾಡಿದಳು, ಅವಳು ಸತ್ತವಳ ಮುಖವನ್ನು ಮದುವೆಯಲ್ಲೊಮ್ಮೆ ನೋಡಿದ್ದಳೋ ಇಲ್ಲವೋ. ಕೆರಿಯಪ್ಪ ಬಂದು ಹೆಂಡತಿಯ ಪಕ್ಕ ನಿಂತು ಮೆಲ್ಲಗೆ ಹೇಳಿದ.

"ಈಗ ಹೋಗಿ ಎಂತ ಮಾಡ್ತೀಯ? ದಹನ ಆಗಿಹೋತಂತೆ. ಮುಗಿದ ಮೇಲೆ ಅವಸರ ಎಂತದು? ಅಪ್ಪಯ್ಯಂದೂ ಒಂದು ಆಗ್ಲಿ. ನೋಡಾಣ."

ಅವಳು ಗಂಡನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಚೀಲ ತರಲು ಒಳಗೆ ಹೋದಳು. ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ ಗುತ್ಯಪ್ಪ ಸೊಸೆಯನ್ನು ಕಂಡು ಬಾ ಎಂದು ಕೈಸನ್ನೆ ಮಾಡಿದ. ಅವನ ಕೆನ್ನೆ ತುಂಬಿಕೊಂಡಿತ್ತು. ಕಣ್ಣಲ್ಲಿ ನಿಜವಾದ ಅಕ್ಕರೆಯೂ ಇತ್ತು, ಅದೇ ಅವಳಿಗೆ ತಡೆಯಲಾಗದ್ದು.

"ನಿನ್ನ ಅವ್ವ ಪುಣ್ಯವಂತೆ ಮಗಾ, ಬೇಗ ಹೋದ್ಲು. ನನ್ನ ನೋಡು. ಆದ್ರೂ ಸುಳ್ಳು ಹೇಳಬಾರ್ದು, ಇಷ್ಟು ದಿನ ಹೋಗಿದ್ದೇ ತಿಳೀಲಿಲ್ಲ. ಮನೆ ತುಂಬ ಜನ, ಮದುವೆ ಮನೆ ಇದ್ದಂಗೆ ಇತ್ತು. ನೀನು ನೀರು ಬಿಟ್ಟಿದ್ದು ನಿನ್ನೆಯೋ ಮೊನ್ನೆಯೋ ಅನ್ನಿಸ್ತದೆ."

ನಿನ್ನೆಯೋ ಮೊನ್ನೆಯೋ. ನೀರಿನಾಚೆ ಒಬ್ಬಳು ನಾಯಿಯ ಹೆಜ್ಜೆಗೂ ಕಿವಿ ಕೊಟ್ಟು ಮಲಗಿದ್ದ ಆ ದಿನಗಳೆಲ್ಲ ಈ ಮುದುಕನ ಬಾಯಲ್ಲಿ ಜೋನಿ ಬೆಲ್ಲ ಕರಗಿದ ಹಾಗೆ ಕರಗಿಹೋಗಿದ್ದವು. ಆ ದಿನಗಳನ್ನು ಒಳಲೆಯಲ್ಲಿ ತಂದು ಅವನ ಬಾಯಿಗೆ ಬಿಟ್ಟವಳು ತಾನೇ. ವಿಶಾಲಮ್ಮನಿಗೆ ಅವನ ಮೇಲೆ, ಆ ಮನೆಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆ ಹೇಸಿಗೆ ಉಕ್ಕಿತು.

ಚೀಲ ಹೆಗಲಿಗೆ ಹಾಕಿದ್ದನ್ನು ಕಂಡು ಹೂವಮ್ಮ ಅಳು ನಿಲ್ಲಿಸಿ ಅಡ್ಡ ಬಂದಳು. "ಅತ್ತಿಗೆ! ಎಲ್ಲಿಗೆ? ನೀವು ಉಣುಗೋಲು ದಾಟಿದ್ರೆ ಅಪ್ಪಯ್ಯ ನರಳ್ತಾರೆ!"

"ನರಳ್ಲಿ" ಅಂದಳು ವಿಶಾಲಮ್ಮ, ಮಾವನ ಕಡೆಯೇ ನೋಡುತ್ತ. "ನರಳಿ ಮಾವಯ್ಯ. ಹೊತ್ತು ಹೋಗೋದು ಅಂದ್ರೆ ಹೆಂಗೆ ಅಂತ ನಿಮಗೂ ಒಂಚೂರು ತಿಳೀಲಿ."

ಜಟ್ಟಪ್ಪನ ಹಿಂದೆ ನಡೆದಳು. ಉಣುಗೋಲಿನ ಬಿದಿರನ್ನು ಅವನೇ ಸರಿಸಿದ, ಅವಳು ದಾಟಿದ್ದು ಅವಳಿಗೇ ತಿಳಿಯಲಿಲ್ಲ. ದಾರಿಯಲ್ಲಿ ಸಿಕ್ಕ ಮರ ಸಾಗಿಸುವ ಲಾರಿಯವನು ಹೊಳೆಬಾಗಿಲಿನವರೆಗೆ ಹತ್ತಿಸಿಕೊಂಡ. ದಡದಲ್ಲಿ ದೋಣಿ ನಿಂತೇ ಇತ್ತು. ನೀರಿನಲ್ಲಿ ಸತ್ತ ಮರಗಳ ತುದಿಗಳು ಅಲ್ಲಲ್ಲಿ ಎದ್ದಿದ್ದವು, ಅವುಗಳ ನಡುವೆ ಅಂಬಿಗ ಬೀಡಿ ಸೇದುತ್ತ ದೋಣಿ ನಡೆಸಿದ. ಆಚೆ ದಡದಲ್ಲಿ ಇಳಿದು ಕಾಲುದಾರಿ ಹಿಡಿದರು. ಇನ್ನೂ ಎಷ್ಟೋ ದೂರವಿದೆ ಎಂದು ಅವಳು ತಲೆ ತಗ್ಗಿಸಿ ನಡೆಯುತ್ತಿದ್ದಳು. ಇಡೀ ದಿನದ ದಾರಿಯಲ್ಲವೇ. ಜಟ್ಟಪ್ಪ ನಿಂತ. ತಲೆಯೆತ್ತಿದರೆ ಎದುರಿಗೆ ತವರುಮನೆಯ ಅಂಗಳ.

ಅವಳ ಹೆಜ್ಜೆಯ ಸಪ್ಪಳಕ್ಕೆ ಒಳಗಿನಿಂದ ಯಾರೂ ಏನೂ ಕೇಳಲಿಲ್ಲ. ತಮ್ಮನ ಹೆಂಡತಿ ಬಾಗಿಲಿಗೆ ಬಂದಳು, ಕಾಲಿಗೆ ನೀರು ಕೊಟ್ಟಳು, ಕಣ್ಣೊರೆಸಿಕೊಂಡು ಹೇಳಿದಳು.

"ಕೂತ್ಕಳಿ ಅತ್ತಿಗೆ. ಅನ್ನಕ್ಕೆ ಈಗಷ್ಟೇ ಎಸರಿಟ್ಟೀನಿ. ಮಧ್ಯಾಹ್ನದ ಊಟಕ್ಕೆ ಇನ್ನೂ ಹೊತ್ತದೆ."